ಒಂದು ಬೊಗಸೆ ನೀರಿಗೆ ಹತ್ತು ವರ್ಷ

(ವಿದ್ಯಾರ್ಥಿ ನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಪರೀಕ್ಷೆಯಲ್ಲಿ ನಪಾಸಾದ ಹುಡುಗ ಟ್ರಂಕು ಹೊತ್ತು ಹಾಸ್ಟೆಲ್ಲಿನ ಬಾಗಿಲು ದಾಟುವುದನ್ನು ನಾವು ನೋಡಿದ್ದೇವೆ. ತಡೆದರೆ, 'ನಮ್ಮಂಥೋರ ತಲೆಗೆ ಓದು ಎಲ್ಲಿ ಹತ್ತುತ್ತೆ ಬುಡಣ್ಣ' ಅಂತಾನೆ. ಆ ಮಾತು ಅವನದಲ್ಲ. ಅವನ ಅಪ್ಪನಿಗೆ, ತಾತನಿಗೆ ಊರಿನವರು ಹೇಳಿ ಹೇಳಿ ಕಲಿಸಿದ ಮಾತು. ನಮ್ಮ ಸೋಲನ್ನು ನಮ್ಮ ಬಾಯಿಂದಲೇ ಹೇಳಿಸುವುದು ಜಾತಿಯ ದೊಡ್ಡ ಗೆಲುವು. ಅದಕ್ಕೇ ಭರವಸೆ ಉಳಿಸಿಕೊಳ್ಳೋದು ನಮಗೆ ಹೋರಾಟದ ಮೊದಲ ಕೆಲಸ.

ಭರವಸೆ ಅಂದರೇನು? 'ಒಳ್ಳೇ ಕಾಲ ಬರುತ್ತೆ, ಸುಮ್ಮನಿರ್ರಪ್ಪ' ಅನ್ನೋದಾ? ಮಹಾಡಿನ ಕಥೆ ಕೇಳಿ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು 1923ರಲ್ಲಿ ಬೊಂಬಾಯಿ ಶಾಸನಸಭೆ ನಿರ್ಣಯ ಮಾಡಿತು. 1924ರಲ್ಲಿ ಮಹಾಡಿನ ಪುರಸಭೆಯೂ ಚವದಾರ್ ಕೆರೆ ಎಲ್ಲರದು ಅಂದಿತು. ಕಾಗದಕ್ಕೆ ನೀರು ಬಂತು, ಗಂಟಲಿಗೆ ಬರಲಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಕುಡಿದರು. ಅದೇ ದಿನ ನಮ್ಮವರ ಮೇಲೆ ದೊಣ್ಣೆ ಏಟು ಬಿತ್ತು. ಆಮೇಲೆ ಕೆರೆಗೆ ಸಗಣಿ ಗಂಜಲ ಸುರಿದು 'ಶುದ್ಧ' ಮಾಡಿದರು! ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು. ಸವರ್ಣೀಯರು ಕೋರ್ಟಿಗೆ ಹೋಗಿ ತಡೆ ತಂದರು. ಆದರೂ ಜನ ಡಿಸೆಂಬರಿನಲ್ಲಿ ಮತ್ತೆ ಬಂದರು. ಡಿಸೆಂಬರ್ 25ರಂದು ಮನುಸ್ಮೃತಿಗೆ ಬೆಂಕಿ ಹಚ್ಚಿದರು. ಬೊಂಬಾಯಿ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟದ್ದು 1937ರ ಮಾರ್ಚ್ 17ರಂದು.

ಒಂದು ಬೊಗಸೆ ನೀರಿಗೆ ಹತ್ತು ವರ್ಷ! ಮೊದಲನೇ ದಿನ ಏಟು ತಿಂದವರು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರೆ ಹತ್ತನೇ ವರ್ಷದ ಆ ದಿನ ಎಲ್ಲಿ ಬರುತ್ತಿತ್ತು? ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲದಾಗಲೂ ಮತ್ತೆ ಹೊರಟರಲ್ಲ, ಅದೇ ಭರವಸೆ.

ಇನ್ನೊಂದು ಮಾತು. ಮಹಾಡಿನ ಕೆರೆಗೆ ಅವರು ಒಬ್ಬೊಬ್ಬರೇ ಹೋಗಲಿಲ್ಲ. ಒಬ್ಬನ ಧೈರ್ಯ ಒಂದು ಏಟಿಗೆ ಕುಸಿಯುತ್ತೆ, ಪಕ್ಕದಲ್ಲಿ ಇನ್ನೊಬ್ಬ ನಿಂತರೆ ನಿಲ್ಲುತ್ತೆ. ಆದ್ದರಿಂದ ಸ್ಕಾಲರ್‌ಶಿಪ್ ತಡವಾದರೆ ಮೂಲೆಯಲ್ಲಿ ಗೊಣಗೋದು ಬಿಟ್ಟು ಎಲ್ಲರೂ ಕೂಡಿ ಕಚೇರಿ ಮುಂದೆ ನಿಲ್ಲೋಣ. ನಪಾಸಾದವನ ತಲೆ ಮೇಲಿನ ಟ್ರಂಕು ಇಳಿಸೋಣ. ರಾತ್ರಿ ಅವನ ಪಕ್ಕ ಕೂತು ಲೆಕ್ಕ ಹೇಳಿಕೊಡೋಣ. ಅವನು ವಾಪಸ್ ಹೋದರೆ, ಅವನನ್ನೇ ನೋಡಿಕೊಂಡು ಸ್ಲೇಟು ಹಿಡಿದಿರೋ ಕೇರಿಯ ಮಕ್ಕಳೂ ವಾಪಸ್ ಹೋಗ್ತಾವೆ.

ಆ ಟ್ರಂಕು ಬಾಗಿಲು ದಾಟದ ಹಾಗೆ ನೋಡಿಕೊಳ್ಳೋದು ನಮ್ಮೆಲ್ಲರ ಜವಾಬ್ದಾರಿ.

ಜೈ ಭೀಮ್.