ಗದಗಿನ ಅರಳೆಯೂ ತಂತ್ರಜ್ಞರ ಪ್ರಬಂಧಗಳೂ

ಸೊರಟೂರಿನ ಹೆಸರು ಇತಿಹಾಸ ಓದಿದವರಿಗೆ ಹೊಸದಲ್ಲ. 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳನು ಸೇವುಣರ ಐದನೆಯ ಭಿಲ್ಲಮನನ್ನು ಸೋಲಿಸಿದ್ದು ಇಲ್ಲಿಯೇ. ಎಂಟು ನೂರು ವರ್ಷಗಳ ಹಿಂದಿನ ಈ ಸಂಗತಿ ನಮಗೆ ತಿಳಿದದ್ದು ಹೇಗೆ? ಅಂದಿನವರು ಅದನ್ನು ಕಲ್ಲಿನ ಮೇಲೆ ಬರೆಯಿಸಿ, ನಾಲ್ಕು ಜನ ಓದುವಲ್ಲಿ ನಿಲ್ಲಿಸಿದ್ದರಿಂದ. ಅರಸರ ಗೆಲುವು, ಗುಡಿಗೆ ಕೊಟ್ಟ ದತ್ತಿ, ವರ್ತಕರ ಸಂಘಗಳು ಬಿಟ್ಟುಕೊಟ್ಟ ಸುಂಕ, ಇವೆಲ್ಲ ಶಾಸನವಾದವು. ಆದರೆ ನೇಕಾರನ ನೂಲಿನ ಹದವಾಗಲಿ, ಲಕ್ಕುಂಡಿಯ ಶಿಲ್ಪಿ ಕಂಬವನ್ನು ತಿರುಗಿಸಿ ಕಡೆದ ಬಗೆಯಾಗಲಿ ಶಾಸನವಾಗಲಿಲ್ಲ. ಕಸಬಿನ ತಿಳಿವಳಿಕೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ, ಬಾಯಿಂದ ಬಾಯಿಗೆ ಇಳಿಯಿತು. ಮನೆತನ ನಿಂತಲ್ಲಿ ಅದೂ ನಿಂತುಹೋಯಿತು.

ಇಂದು ಕಸಬಿನವರು ತಮ್ಮ ತಿಳಿವಳಿಕೆಗೆ ನಿಲ್ಲಿಸುವ ಶಾಸನವೆಂದರೆ ತಾಂತ್ರಿಕ ಸಂಘಗಳು ಅಚ್ಚು ಹಾಕಿಸುವ ಪ್ರಬಂಧ. ಇಂಥ ಕಾಗದದಿಂದ ಯಾರಿಗೆ ಏನು ಪ್ರಯೋಜನವೆಂದು ಕೇಳುವವರುಂಟು. ಉತ್ತರಕ್ಕೆ ದೂರ ಹೋಗುವ ಕಾರಣವಿಲ್ಲ. ಸೊರಟೂರು, ಮುಂಡರಗಿ, ಲಕ್ಷ್ಮೇಶ್ವರದ ಕಡೆಯ ಎರೆಭೂಮಿಯ ಹತ್ತಿಯೇ ಉತ್ತರ ಹೇಳುತ್ತದೆ.

ನಮ್ಮ ಹಿರಿಯರು ಎರಡು ಬಗೆಯ ಹತ್ತಿಯನ್ನು ಬಲ್ಲರು. ಒಂದು ಜವಾರಿ ಹತ್ತಿ. ಪೇಟೆಯಲ್ಲಿ ಇದಕ್ಕೆ ಕುಮಟಾ ಹತ್ತಿಯೆಂದು ಹೆಸರು, ಏಕೆಂದರೆ ಅದು ಕುಮಟಾ ಬಂದರದಿಂದ ಹಡಗು ಏರುತ್ತಿತ್ತು. ಇನ್ನೊಂದು ವಿಲಾಯತಿ ಹತ್ತಿ. 1840ರ ದಶಕದಲ್ಲಿ ಕಂಪನಿ ಸರಕಾರದವರು ಅಮೇರಿಕೆಯಿಂದ ನ್ಯೂ ಆರ್ಲಿಯನ್ಸ್ ಜಾತಿಯ ಬೀಜ ತಂದು ಧಾರವಾಡ ಸೀಮೆಯಲ್ಲಿ ಹಾಕಿಸಿದರು. ಅದು ಈ ಮಣ್ಣಿಗೆ ಒಗ್ಗಿತು. ಧಾರವಾಡ-ಅಮೇರಿಕನ್ ಎಂಬ ಹೆಸರು ಪಡೆಯಿತು. ಆದರೆ ಕಾಲ ಕಳೆದಂತೆ ಬೀಜ ಬೆರಕೆಯಾಯಿತು. ಎಲೆ ಕೆಂಪಾಗಿ ಗಿಡ ಸೊರಗುವ ರೋಗವೂ ಕಾಡಿತು. ಒಕ್ಕಲಿಗನು ಆಕಾಶವನ್ನು ನೋಡಿ ಸುಮ್ಮನಾದನು. ಅಡತಿಯವನು ಅರಳೆಯನ್ನು ಬೆರಳಿನಲ್ಲಿ ಎಳೆದು ನೋಡಿ ದರ ಇಳಿಸಿದನು. ಎಲ್ಲಿ ಏನು ತಪ್ಪಿತೆಂದು ಇಬ್ಬರಲ್ಲಿ ಯಾರೂ ಬರೆದಿಡಲಿಲ್ಲ.

ಬರೆದಿಡುವ ಕೆಲಸ ಧಾರವಾಡದ ಕೃಷಿ ಸಂಶೋಧಕರಿಂದ ನಡೆಯಿತು. ಜಿ. ಎಲ್. ಕೊಟ್ಟೂರ ಅವರು 1920ರಲ್ಲಿ ಕುಮಟಾ ಹತ್ತಿಯನ್ನೂ ಅದರ ಸುಧಾರಣೆಯನ್ನೂ ಕುರಿತು ದೊಡ್ಡದೊಂದು ಪ್ರಬಂಧವನ್ನು ಪ್ರಕಟಿಸಿದರು. ವಿಲಾಯತಿ ಹತ್ತಿಯ ಬೆರಕೆಯೊಳಗಿಂದಲೂ ಒಳ್ಳೆಯ ಗಿಡಗಳನ್ನು ಆರಿಸಿ, ಬೇರೆ ಬೆಳೆಸಿ, ಒಂದು ಶುದ್ಧ ತಳಿಯನ್ನು ತೆಗೆದರು. ಅದಕ್ಕೆ ಇಟ್ಟ ಹೆಸರು ‘ಗದಗ ನಂಬರ್ 1’. ನಮ್ಮ ಊರಿನ ಹೆಸರನ್ನು ಹೊತ್ತ ಈ ಹತ್ತಿ ಮುಂದೆ ಎಲ್ಲೆಲ್ಲಿ ನಡೆಯಿತೆಂಬುದನ್ನು ನೋಡಿರಿ.

1921ರಲ್ಲಿ ಭಾರತೀಯ ಕೇಂದ್ರ ಹತ್ತಿ ಸಮಿತಿ ಹುಟ್ಟಿತು. ಹತ್ತಿ ಬೆಳೆಯುವವರು, ಮಾರುವವರು, ಗಿರಣಿಯವರು, ಸರಕಾರದ ಅಧಿಕಾರಿಗಳು, ಇವರೆಲ್ಲ ಒಂದೇ ಜಮಖಾನೆಯ ಮೇಲೆ ಕೂಡ್ರುವ ಏರ್ಪಾಡು ಅದು. ಸಮಿತಿಯು 1924ರಲ್ಲಿ ಮುಂಬಯಿಯ ಮಾತುಂಗಾದಲ್ಲಿ ಒಂದು ಪ್ರಯೋಗಶಾಲೆಯನ್ನು ತೆರೆಯಿತು. ದೇಶದ ನಾನಾ ಕಡೆಯ ಅರಳೆಯನ್ನು ಅಲ್ಲಿಗೆ ತರಿಸಿ, ಎಳೆಯ ಉದ್ದ ಎಷ್ಟು, ಬಲ ಎಷ್ಟು, ನೂತರೆ ಎಷ್ಟು ಸಣ್ಣ ನೂಲು ಬಂದೀತು ಎಂದು ಅಳೆದು, ಆ ಅಂಕಿಗಳನ್ನು ಅಚ್ಚು ಹಾಕಿಸಿ ಹಂಚತೊಡಗಿದರು. ಆ ವರದಿಗಳಲ್ಲಿ ಪಂಜಾಬದ, ಸಿಂಧದ, ಸುರತದ ಹತ್ತಿಗಳ ಸಾಲಿನಲ್ಲಿ ಗದಗ ನಂಬರ್ 1 ಕೂಡ ಇತ್ತು. ನಮ್ಮ ಜಯವಂತ ಹತ್ತಿಯೂ ಇತ್ತು.

ನೂಲಿನ ನಂಬರೆಂದರೇನು? 840 ಗಜದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡು ತೂಗುತ್ತದೆಯೋ ಅದು ಆ ನೂಲಿನ ನಂಬರು. 20ನೆಯ ನಂಬರಿನ ಒಂದು ಪೌಂಡು ನೂಲು 16,800 ಗಜ. 80ನೆಯ ನಂಬರಿನದು 67,200 ಗಜ. ಸಣ್ಣ ಧೋತರಕ್ಕೆ ಬೇಕಾದ ನೂಲು ಯಾವುದು, ಜಮಖಾನೆಗೆ ಯಾವುದು ಸಾಕು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಅಡತಿ ಅಂಗಡಿಯಲ್ಲಿ ಬೆರಳಿಗೆ ಮಾತ್ರ ಗೊತ್ತಿದ್ದ ಗುಟ್ಟು ಹೀಗೆ ಅಂಕಿಯಾಗಿ ಎಲ್ಲರ ಸೊತ್ತಾಯಿತು. ಗದಗಿನ ಪೇಟೆಯನ್ನು ಕಣ್ಣಿನಿಂದ ನೋಡದ ಗಿರಣಿಯವನೂ ಗದಗಿನ ಅರಳೆಯ ಗುಣವನ್ನು ಓದಿ ತಿಳಿಯುವಂತಾಯಿತು.

ಪ್ರಬಂಧವನ್ನು ಬರೆದರಷ್ಟೇ ಕೆಲಸ ಮುಗಿಯುವುದಿಲ್ಲ. ಸಂಘದ ಸಭೆಯಲ್ಲಿ ಅದನ್ನು ಓದಬೇಕು. ಯಾವ ಮಣ್ಣು, ಯಾವ ಹಂಗಾಮು, ಎಷ್ಟು ಸಾಲು ಬಿತ್ತಿದಿರಿ, ಎಷ್ಟು ಸಲ ತೂಗಿದಿರಿ ಎಂದು ಬಲ್ಲವರು ಎದ್ದುನಿಂತು ಕೇಳುತ್ತಾರೆ. ಹೆಸರಿಗಾಗಿ ಬರೆದವನು ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಎಷ್ಟೋ ಸಂಘಗಳು ಪ್ರಬಂಧದ ಜೊತೆಗೆ ಈ ಚರ್ಚೆಯನ್ನೂ ಅಚ್ಚು ಹಾಕಿಸುತ್ತವೆ. ಹತ್ತಿಯ ಸಂಶೋಧಕರು 1937ರಲ್ಲಿ ಇಂಥದೇ ಅಖಿಲ ಭಾರತ ಸಮ್ಮೇಳನದಲ್ಲಿ ಕೂಡಿದ್ದರು. ಬಟ್ಟೆ ಗಿರಣಿಗಳ ತಂತ್ರಜ್ಞರು 1939ರಲ್ಲಿ ಟೆಕ್ಸ್‌ಟೈಲ್ ಅಸೋಸಿಯೇಶನ್ ಎಂಬ ತಮ್ಮದೇ ಸಂಘವನ್ನು ಕಟ್ಟಿ, ಪತ್ರಿಕೆಯನ್ನು ಹೊರಡಿಸಿದರು. ಪೇಟೆಯಲ್ಲಿ ಒಬ್ಬರೊಡನೊಬ್ಬರು ಪೈಪೋಟಿ ಮಾಡುವ ಗಿರಣಿಗಳ ಜನ ಅಲ್ಲಿ ಪಕ್ಕಪಕ್ಕದಲ್ಲಿ ಕುಳಿತು ಕಲಿಯುತ್ತಾರೆ. ನನ್ನ ಗುಟ್ಟನ್ನು ನಾನೇಕೆ ಹೇಳಲಿ ಎಂದು ಕೇಳಬಹುದು. ಹತ್ತು ಜನರ ಹತ್ತು ಗುಟ್ಟು ತನಗೆ ಸಿಗುವುದಾದರೆ ತನ್ನ ಒಂದನ್ನು ಕೊಟ್ಟವನಿಗೆ ನಷ್ಟವೇನು?

ಈಗ ಗದಗ ನಂಬರ್ 1ರ ಸಂತಾನದ ಮಾತು. ಅದನ್ನು ಕೊಯಿಮತ್ತೂರಿನ ಕಡೆಯ ಕಾಂಬೋಡಿಯಾ ಹತ್ತಿಯೊಡನೆ ಕೂಡಿಸಿ ಧಾರವಾಡದಲ್ಲಿ ‘ಲಕ್ಷ್ಮಿ’ ಎಂಬ ತಳಿಯನ್ನು ಪಡೆದರು. ಲಕ್ಷ್ಮಿ ಈ ಭಾಗದ ಹೊಲಗಳನ್ನು ತುಂಬಿದಳು. ಆ ಬಳಿಕ ಡಾ. ಬಿ. ಎಚ್. ಕಟರಕಿ ಅವರು ಅದೇ ಲಕ್ಷ್ಮಿಯನ್ನು ತಾಯಿಯಾಗಿ ಮಾಡಿ, ಉದ್ದ ಎಳೆಯ ಬೇರೊಂದು ಜಾತಿಯ ಹತ್ತಿಯನ್ನು ತಂದೆಯಾಗಿ ಕೂಡಿಸಿ, 1972ರಲ್ಲಿ ‘ವರಲಕ್ಷ್ಮಿ’ಯನ್ನು ಹೊರತಂದರು. ಎರಡು ಬೇರೆ ಜಾತಿಗಳನ್ನು ಕೂಡಿಸಿ ವ್ಯಾಪಾರಕ್ಕೆ ಬೆಳೆದ ಹೈಬ್ರಿಡ್ ಹತ್ತಿಗಳಲ್ಲಿ ಇದೇ ಮೊದಲನೆಯದು. ಈಜಿಪ್ಟ, ಸುದಾನಗಳಿಂದ ತರಿಸುತ್ತಿದ್ದಂಥ ಉದ್ದ ಎಳೆಯ ಅರಳೆ ನಮ್ಮಲ್ಲಿಯೇ ಬೆಳೆಯಿತು. 1981ರಲ್ಲಿ ಡಿಸಿಎಚ್ 32 ಎಂಬ ‘ಜಯಲಕ್ಷ್ಮಿ’ಯೂ ಬಂದಿತು.

ಇದರ ಬೀಜೋತ್ಪಾದನೆ ಕೈಯ ಕೆಲಸ. ಸಂಜೆಗೆ ಮೊಗ್ಗಿನ ಗಂಡುಭಾಗವನ್ನು ಉಗುರಿನಿಂದ ಬಿಡಿಸಿ, ಮರುದಿನ ಮುಂಜಾನೆ ಇನ್ನೊಂದು ಹೂವಿನ ಪರಾಗವನ್ನು ಮುಟ್ಟಿಸಬೇಕು. ಪ್ರತಿಯೊಂದು ಹೂವಿಗೂ ಹೀಗೆಯೇ. ಆ ವಿಧಾನವೂ ಬರೆದು, ತೋರಿಸಿ, ಕಲಿಸಿದ್ದರಿಂದಲೇ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಬಂದು, ಸಾವಿರಾರು ಮನೆಗಳಿಗೆ ಕೂಲಿಯಾಯಿತು. ಗದಗ ನಂಬರ್ 1ರ ಗುಣವನ್ನು ಬರೆದಿಡದೆ ಹೋಗಿದ್ದರೆ ಲಕ್ಷ್ಮಿಯನ್ನು ಪಡೆದವರು ಮೊದಲಿನಿಂದ ಹುಡುಕಬೇಕಾಗುತ್ತಿತ್ತು. ಒಬ್ಬನು ನಿಲ್ಲಿಸಿದ ಮೆಟ್ಟಿಲಿನ ಮೇಲೆ ಇನ್ನೊಬ್ಬನು ಕಾಲಿಡುವುದು ಹೀಗೆ.

ಗೆದ್ದ ಸಂಗತಿಯನ್ನು ಬರೆಯುವುದು ಸುಲಭ. ಸೋತದ್ದನ್ನೂ ಬರೆಯುವ ಸಂಘವೇ ಸಂಘ. ಕಾಯಿಕೊರಕ ಹುಳಕ್ಕೆ ಎದುರಾಗಿ ಬಿಟಿ ಹತ್ತಿಗೆ 2002ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು. ಗುಜರಾತದ ಕೆಲವು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕವು ಮೊದಲಿನ ಬಿಟಿಯನ್ನು ಜೀರ್ಣಿಸಿಕೊಂಡಿದೆಯೆಂಬ ಮಾತು 2010ರಲ್ಲಿ ಬಹಿರಂಗವಾಯಿತು. ಸಂಶೋಧಕರ ಪ್ರಬಂಧವೂ ಹೊರಬಿತ್ತು. ಆ ಹುಳ ಮುಂದಿನ ವರ್ಷಗಳಲ್ಲಿ ಕರ್ನಾಟಕದ ಹೊಲಗಳನ್ನೂ ಮುತ್ತಿತು. ದೂರದ ಹೊಲದ ಸೋಲು ಹತ್ತಿರದ ಹೊಲಕ್ಕೆ ಎಚ್ಚರಿಕೆಯ ಗಂಟೆ. ಆದರೆ ಗಂಟೆ ಬಾರಿಸಿದ್ದು ಇಂಗ್ಲಿಷಿನಲ್ಲಿ. ಹುಳ ಬಂದದ್ದು ಕನ್ನಡದವನ ಹೊಲಕ್ಕೆ.

ನನ್ನ ಮಾತಿನ ತಿರುಳು ಇಲ್ಲಿದೆ. ಕೇಂದ್ರ ಹತ್ತಿ ಸಮಿತಿ 1966ರಲ್ಲಿ ಮುಕ್ತಾಯವಾಯಿತು. ಮಾತುಂಗಾದ ಪ್ರಯೋಗಶಾಲೆ ಇಂದಿಗೂ ಕೇಂದ್ರ ಸಂಸ್ಥೆಯಾಗಿ ನಡೆದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಹತ್ತಿಯ ಸಂಘಗಳೂ ಪ್ರಬಂಧಗಳನ್ನು ಹೊರತರುತ್ತಿವೆ. ತಜ್ಞನಿಂದ ತಜ್ಞನಿಗೆ ಸೇತುವೆ ಗಟ್ಟಿಯಾಗಿದೆ. ತಜ್ಞನಿಂದ ಒಕ್ಕಲಿಗನಿಗೆ ಇರುವ ಸೇತುವೆ ಇನ್ನೂ ಕಿರಿದು. ಕನ್ನಡದ ಕೃಷಿ ಪತ್ರಿಕೆಗಳು, ಧಾರವಾಡದ ಕೃಷಿ ಮೇಳ, ಬಾನುಲಿಯ ರೈತರ ಕಾರ್ಯಕ್ರಮ ಇವು ಆ ಕೆಲಸವನ್ನು ಮಾಡುತ್ತ ಬಂದಿವೆ. ಪ್ರತಿಯೊಂದು ಪ್ರಬಂಧಕ್ಕೂ ಒಂದು ಪುಟದ ಕನ್ನಡ ಸಾರಾಂಶವನ್ನು ಸೇರಿಸುವ ನಿಯಮವನ್ನು ನಮ್ಮ ಸಂಘಗಳು ಮಾಡಿಕೊಂಡರೆ ಖರ್ಚು ಹೆಚ್ಚೇನೂ ಆಗದು.

ಕೇಳುವ ನೀವು ಪಟ್ಟಣದವರು, ನಮಗೇನು ಎಂದೀರಿ. ನಿಮ್ಮ ಮನೆಯಲ್ಲಿ ಗಿರಣಿಯ ಫಿಟರ್ ಇರಬಹುದು, ಮುದ್ರಣಾಲಯದ ಕೆಲಸಗಾರನಿರಬಹುದು, ಬೆಟಗೇರಿಯ ಮಗ್ಗದ ನಂಟರಿರಬಹುದು. ನಲವತ್ತು ವರ್ಷದ ಕೈಕೆಲಸದಲ್ಲಿ ಅವರು ಕಂಡುಕೊಂಡ ಯಾವುದೋ ಒಂದು ಉಪಾಯ ಅವರ ಜೊತೆಗೇ ಹೋಗಬೇಕೇ? ಒಂದು ವಹಿಯನ್ನು ಅವರ ಕೈಗೆ ಕೊಡಿರಿ. ಎಂದು, ಹೇಗೆ, ಎಷ್ಟು, ಎಲ್ಲಿ ತಪ್ಪಿತು ಎಂಬ ನಾಲ್ಕು ಮಾತು ಬರೆಯಿಸಿರಿ. ಬರೆಯಲು ಬಾರದ ಹಿರಿಯರಿದ್ದರೆ ಅವರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಸೊರಟೂರಿನ ಕಾಳಗಕ್ಕೆ ಸಿಕ್ಕ ಶಾಸನ ನಮ್ಮ ಕಸಬುಗಳಿಗೂ ಸಿಗಲಿ.