ಬಿಳಿ ರಕ್ತಕಣಗಳೂ ನಮ್ಮ ಕೊಟ್ಟಿಗೆಯೂ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರಾಸುಗಳ ಆರೋಗ್ಯ ಶಿಬಿರದಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಪೂರೈಸಿದ ಸಂಘಕ್ಕೆ ಮೊದಲು ನನ್ನ ಅಭಿನಂದನೆಗಳು. ಹಾಲಿನ ಡಿಗ್ರಿ, ಫ್ಯಾಟು ನಿಮಗೆಲ್ಲ ಗೊತ್ತು. ಆದರೆ ಅದೇ ಹಾಲಿನಲ್ಲಿ ಹಸುವಿನ ಬಿಳಿ ರಕ್ತಕಣಗಳೂ ಇರುತ್ತವೆ. ಅವುಗಳ ಬಗ್ಗೆ ಇವತ್ತು ನಾಲ್ಕು ಮಾತು ಹೇಳುತ್ತೇನೆ.

ಮನುಷ್ಯನ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಕೆಂಪು ಕಣಗಳು ಸುಮಾರು 50 ಲಕ್ಷ. ಬಿಳಿ ಕಣಗಳು 4,000ದಿಂದ 11,000 ಅಷ್ಟೇ. ಹಸುವಿನಲ್ಲೂ ಬಿಳಿ ಕಣಗಳು ಹೆಚ್ಚುಕಡಿಮೆ ಇಷ್ಟೇ. ಸಂಖ್ಯೆ ಕಡಿಮೆಯಾದರೂ ರೋಗದಿಂದ ಕಾಯುವ ಕೆಲಸ ಇವುಗಳದೇ. ಇವುಗಳಲ್ಲಿ ಐದು ಬಗೆ. ರೋಗಾಣು ಹೊಕ್ಕ ಕಡೆಗೆ ಮೊದಲು ಓಡಿ ಹೋಗಿ ಅದನ್ನು ನುಂಗುವುದು ನ್ಯೂಟ್ರೋಫಿಲ್. ಗಾಯದ ಕೀವಿನಲ್ಲಿ ಬಹುಪಾಲು ಇವುಗಳ ಹೆಣಗಳೇ. ಹಿಂದಿನಿಂದ ಬಂದು ಉಳಿದದ್ದನ್ನು ನುಂಗಿ ಚೊಕ್ಕಟ ಮಾಡುವುದು ಮಾನೋಸೈಟ್. ಹೊಟ್ಟೆಹುಳುವಿನಂಥ ಪರೋಪಜೀವಿಗಳ ಮೇಲೆ ಬೀಳುವುದು ಇಯೋಸಿನೋಫಿಲ್. ತೀರ ಕಡಿಮೆ ಇರುವ ಬೇಸೋಫಿಲ್, ಅಲರ್ಜಿಯಾದಾಗ ಮುಂದೆ ಬರುತ್ತದೆ. ಐದನೆಯದು ಲಿಂಫೋಸೈಟ್. ಶತ್ರುವಿನ ಗುರುತು ಹಿಡಿದು, ಅದಕ್ಕೆ ತಕ್ಕ ಪ್ರತಿಕಾಯ ತಯಾರಿಸಿ, ಆ ಗುರುತನ್ನು ನೆನಪಿನಲ್ಲಿಟ್ಟುಕೊಳ್ಳುವುದು ಇದೇ.

ಇದರಿಂದ ನಮಗೇನು ಲಾಭ ಅಂತೀರಾ? ಮೂರು ವಿಷಯ ಹೇಳುತ್ತೇನೆ.

ಒಂದು, ಕೆಚ್ಚಲು ಬಾವು. ಆರೋಗ್ಯವಂತ ಹಸುವಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಕಣಗಳು ಸಾಮಾನ್ಯವಾಗಿ 2 ಲಕ್ಷದೊಳಗೆ ಇರುತ್ತವೆ. ತೊಟ್ಟಿನ ತೂತಿನಿಂದ ರೋಗಾಣು ಒಳಗೆ ಹೋದರೆ ನ್ಯೂಟ್ರೋಫಿಲ್‌ಗಳು ರಕ್ತದಿಂದ ಕೆಚ್ಚಲಿಗೆ ನುಗ್ಗಿ, ಲೆಕ್ಕ ಹತ್ತಾರು ಲಕ್ಷಕ್ಕೆ ಏರುತ್ತದೆ. ಕೆಚ್ಚಲು ಊದದೆ, ಹಾಲು ಒಡೆಯದೆ ಇರುವಾಗಲೂ ಒಳಗೊಳಗೇ ಹೀಗಾಗುತ್ತಿರಬಹುದು. ಕಾಣುವುದು ಹಾಲು ಕಡಿಮೆಯಾದದ್ದು ಮಾತ್ರ. ಆಗ ಒಂದೊಂದು ತೊಟ್ಟಿನ ಹಾಲನ್ನೂ ಬೇರೆ ಬೇರೆ ಹಿಂಡಿ, ಪರೀಕ್ಷಾ ದ್ರಾವಣ ಬೆರೆಸಿ ನೋಡಬೇಕು. ಗಂಜಿಯಂತೆ ಗಟ್ಟಿಯಾದರೆ ಕಣಗಳು ಹೆಚ್ಚಿವೆ ಎಂದರ್ಥ. ಕರೆದ ಮೇಲೆ ಸುಮಾರು ಅರ್ಧ ಗಂಟೆ ತೊಟ್ಟಿನ ತೂತು ಪೂರ್ತಿ ಮುಚ್ಚಿರುವುದಿಲ್ಲ. ಅಷ್ಟು ಹೊತ್ತು ಹಸು ಸಗಣಿ ಮೇಲೆ ಮಲಗದ ಹಾಗೆ ಮುಂದೆ ಮೇವು ಹಾಕಿ. ಔಷಧಿ ಕೊಟ್ಟ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೈರಿಗೆ ಹಾಕಬೇಡಿ. ಒಬ್ಬರ ಎರಡು ಲೀಟರ್ ಹಾಲು ಊರವರ ಕ್ಯಾನನ್ನೇ ಕೆಡಿಸುತ್ತದೆ.

ಎರಡು, ಗಿಣ್ಣು. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಬಸಿರಿನಲ್ಲೇ ಮಗುವಿಗೆ ಸೇರುತ್ತವೆ. ದನಗಳಲ್ಲಿ ಹಾಗಾಗುವುದಿಲ್ಲ. ಕರುವಿಗೆ ಆ ರಕ್ಷಣೆ ಸಿಗುವುದು ಗಿಣ್ಣಿನಿಂದಲೇ. ಅದನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಗಂಟೆಗಂಟೆಗೂ ಇಳಿಯುತ್ತ, ಒಂದು ದಿನದಲ್ಲಿ ಮುಗಿದೇ ಹೋಗುತ್ತದೆ. "ಸತ್ತೆ ಬೀಳಲಿ, ಆಮೇಲೆ ಕುಡಿಸೋಣ" ಎಂದು ಕಾಯುವ ಪದ್ಧತಿ ಬಿಡಿ. ಹುಟ್ಟಿದ ಒಂದೆರಡು ಗಂಟೆಯೊಳಗೇ ಕುಡಿಸಿ. 25 ಕಿಲೋ ಕರುವಿಗೆ ಮೊದಲ ದಿನ ಎರಡೂವರೆ ಲೀಟರಾದರೂ ಹೋಗಬೇಕು. ಮನೆಯವರ ಗಿಣ್ಣು, ನೆಂಟರ ಪಾಲು, ಎಲ್ಲ ಆಮೇಲೆ.

ಮೂರು, ಲಸಿಕೆ. ರೋಗ ಬರುವ ಮೊದಲೇ ಲಿಂಫೋಸೈಟಿಗೆ ಶತ್ರುವಿನ ಗುರುತು ತೋರಿಸಿಕೊಡುವುದೇ ಲಸಿಕೆ. ಒಂದು ಕಾಲಕ್ಕೆ ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗ ಹಿರಿಯರಿಗೆ ನೆನಪಿರಬಹುದು. ಲಸಿಕೆಯ ಬಲದಿಂದ 2011ರಲ್ಲಿ ಅದು ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಕಾಲುಬಾಯಿ ಜ್ವರದ ಲಸಿಕೆಯ ರಕ್ಷಣೆ ಮಾತ್ರ ಬಹಳ ದಿನ ನಿಲ್ಲುವುದಿಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಸೂಜಿ ಹಾಕಿಸಿದರೆ ಎರಡು ದಿನ ಹಾಲು ಇಳಿಯುತ್ತದೆ ಎಂದು ಹಸುವನ್ನು ಹಿತ್ತಲಲ್ಲಿ ಬಚ್ಚಿಡುವವರಿದ್ದಾರೆ. ಎರಡು ದಿನದ ಹಾಲು ಹೋದೀತು, ನಿಜ. ರೋಗ ಬಂದರೆ ಆ ಸೂಲಿನ ಹಾಲೇ ಹೋದೀತು. ಜೊತೆಗೆ ಪಕ್ಕದ ಮನೆಯವರದ್ದೂ.

ಮೈಯೊಳಗಿನ ಬಿಳಿ ಕಣಗಳು ತಮ್ಮ ಪಾಲಿನ ಕೆಲಸ ಮಾಡುತ್ತವೆ. ಕೊಟ್ಟಿಗೆ ಚೊಕ್ಕಟವಾಗಿಡುವುದು, ಹೊತ್ತಿಗೆ ಗಿಣ್ಣು ಕುಡಿಸುವುದು, ತಪ್ಪದೆ ಲಸಿಕೆ ಹಾಕಿಸುವುದು ನಮ್ಮ ಪಾಲಿನದು. ಇಷ್ಟು ಮಾಡಿದರೆ ಸಂಘದ ಕ್ಯಾನೂ ತುಂಬುತ್ತದೆ, ನಿಮ್ಮ ಮನೆಯೂ ತುಂಬುತ್ತದೆ.