ಆನ್‌ಲೈನ್ ಪಾಠದಲ್ಲಿ ವಿದ್ಯಾರ್ಥಿಯ ಪಾಲೆಷ್ಟು?

ಕಲಿಯುವ ವೇಗ, ಕಲಿಯುವ ದಾರಿ, ಕೇಳುವ ಪ್ರಶ್ನೆ, ಇವು ಒಂದಿಷ್ಟಾದರೂ ಮಕ್ಕಳ ಕೈಯಲ್ಲಿದ್ದರೆ ಅದು ವಿದ್ಯಾರ್ಥಿ ಕೇಂದ್ರಿತ ಬೋಧನೆ. ಆನ್‌ಲೈನ್ ಕಲಿಕೆ ಇವುಗಳಲ್ಲಿ ವೇಗವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಉಳಿದೆರಡು ತಾವಾಗಿ ಬರುವುದಿಲ್ಲ.

ಮೊದಲು ವೇಗದ ಮಾತು. ತರಗತಿಯಲ್ಲಿ ಮೇಷ್ಟ್ರು ಒಮ್ಮೆ ಹೇಳಿ ಮುಂದೆ ಹೋದರೆ ಮುಗಿಯಿತು. ವಿಡಿಯೋವನ್ನು ನಿಲ್ಲಿಸಬಹುದು, ಹಿಂದಕ್ಕೆ ಹಾಕಿ ಮತ್ತೆ ಕೇಳಬಹುದು. ಅಮೆರಿಕದ ಕೊಲರಾಡೋದಲ್ಲಿ ಜೊನಾಥನ್ ಬರ್ಗ್‌ಮನ್ ಮತ್ತು ಆ್ಯರನ್ ಸ್ಯಾಮ್ಸ್ ಎಂಬ ರಸಾಯನಶಾಸ್ತ್ರ ಶಿಕ್ಷಕರು 2007ರಲ್ಲಿ ತಮ್ಮ ಪಾಠಗಳನ್ನು ರೆಕಾರ್ಡ್ ಮಾಡತೊಡಗಿದ್ದು ತರಗತಿ ತಪ್ಪಿಸಿಕೊಂಡ ಮಕ್ಕಳಿಗಾಗಿ. ವಿವರಣೆ ಮನೆಗೆ ಹೋದ ಮೇಲೆ ತರಗತಿಯ ಸಮಯ ಪ್ರಯೋಗಕ್ಕೆ, ಲೆಕ್ಕ ಬಿಡಿಸಲು, ತೊಡಕಿದ್ದವರ ಪಕ್ಕ ಕೂರಲು ಸಿಕ್ಕಿತು. ಇದೇ ಮುಂದೆ ‘ಫ್ಲಿಪ್ಡ್ ಕ್ಲಾಸ್‌ರೂಮ್’ ಎಂದು ಹೆಸರಾಯಿತು. ಇಲ್ಲಿ ದೊಡ್ಡ ಲಾಭ ವಿಡಿಯೋದ್ದಲ್ಲ, ಅದು ಉಳಿಸಿಕೊಟ್ಟ ಸಮಯದ್ದು.

ಆ ಸಮಯವನ್ನು ಬಳಸದಿದ್ದರೆ ಹಳೆಯ ಉಪನ್ಯಾಸವೇ ಪರದೆಗೆ ಬರುತ್ತದೆ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಉಚಿತ ಕೋರ್ಸಿಗೆ ಸುಮಾರು 1.6 ಲಕ್ಷ ಜನ ಸೇರಿದರು. ಕೊನೆಯವರೆಗೆ ಉಳಿದವರು ಅದರ ಸಣ್ಣ ಪಾಲು. ಸ್ವಾತಂತ್ರ್ಯವಿತ್ತು, ಎಡವಿದಾಗ ಪಕ್ಕದಲ್ಲಿ ಕೂತು ಕೈಹಿಡಿಯುವ ಶಿಕ್ಷಕರು ಇರಲಿಲ್ಲ. 2020ರ ಲಾಕ್‌ಡೌನ್ ತರಗತಿಗಳಲ್ಲಂತೂ ಮೈಕ್ ಮ್ಯೂಟ್ ಆದ ಎಷ್ಟೋ ಮಕ್ಕಳಿಗೆ ಪ್ರಶ್ನೆ ಕೇಳುವುದೇ ಕಷ್ಟವಾಯಿತು.

ವಿದ್ಯಾರ್ಥಿ ಕೇಂದ್ರಿತ ಬೋಧನೆಗೆ ಇಂಟರ್‌ನೆಟ್ ಬೇಕೇ ಬೇಕೆಂದೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಲ್ಲಿ ಮಕ್ಕಳು ಕಾರ್ಡು ಹಿಡಿದು, ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. 2020ರಲ್ಲಿ, ಶಾಲೆಗಳು ಮುಚ್ಚಿದ್ದಾಗ, ಕರ್ನಾಟಕ ಸರ್ಕಾರದ ‘ವಿದ್ಯಾಗಮ’ ಕಾರ್ಯಕ್ರಮದಲ್ಲಿ ಫೋನು ಇಲ್ಲದ ಮಕ್ಕಳಿಗಾಗಿ ಸರ್ಕಾರಿ ಶಾಲೆಯ ಶಿಕ್ಷಕರೇ ಊರಿನ ಜಗಲಿ, ಸಮುದಾಯ ಭವನಗಳಿಗೆ ಹೋಗಿ ಸಣ್ಣ ಗುಂಪುಗಳಲ್ಲಿ ಕಲಿಸಿದರು.

ಹಾಗಾದರೆ ಆನ್‌ಲೈನ್‌ನ ಪಾತ್ರವೇನು? ಯಾವ ಮಗು ಯಾವ ಪ್ರಶ್ನೆಯಲ್ಲಿ ನಿಂತಿದೆ ಎಂದು ಕ್ವಿಜ್‌ನ ಉತ್ತರಗಳು ಶಿಕ್ಷಕರಿಗೆ ಬೇಗ ತೋರಿಸುತ್ತವೆ. ತರಗತಿಯಲ್ಲಿ ಬಾಯಿ ಬಿಡದವರು ಚರ್ಚಾ ವೇದಿಕೆಯಲ್ಲಿ ಬರೆದು ಕೇಳಬಹುದು. ಆದರೆ ಆ ಮಾಹಿತಿ ನೋಡಿ ಮರುದಿನದ ಪಾಠ ಬದಲಿಸಬೇಕಾದವರು ಶಿಕ್ಷಕರೇ. ಪಠ್ಯ ಮುಗಿಸುವ ಒತ್ತಡ, ಕಂಠಪಾಠ ಬೇಡುವ ಪರೀಕ್ಷೆ, ಒಬ್ಬರಿಗೆ ನೂರಾರು ವಿದ್ಯಾರ್ಥಿಗಳು ಎಂಬ ಸ್ಥಿತಿ ಹಾಗೇ ಇದ್ದರೆ ಅದಕ್ಕೆ ಬಿಡುವು ಸಿಗದು. ಆನ್‌ಲೈನ್ ಕಲಿಕೆ ಅವಕಾಶವನ್ನು ಹೆಚ್ಚಿಸುತ್ತದೆ. ವಿದ್ಯಾರ್ಥಿಗೆ ಅದರಲ್ಲಿ ಎಷ್ಟು ಪಾಲು ಸಿಗುತ್ತದೆ ಎಂಬುದನ್ನು ಪಾಠ ಮತ್ತು ಪರೀಕ್ಷೆಯ ರಚನೆ ನಿರ್ಧರಿಸುತ್ತದೆ.